ಮುನಿ ತಪಸ್ಸಿನಲ್ಲಿ

"ಯಾರಪ್ಪಾ ನೀನು, ಮುನಿ?"

ಪುರಸಭೆಯ ದಾಖಲೆ ಕೋಣೆಯಲ್ಲಿ ಕೂತು ಕಾಲಮಯ್ಯನವರು ಈ ಪ್ರಶ್ನೆಯನ್ನು ಗಟ್ಟಿಯಾಗಿಯೇ ಕೇಳಿದರು. ಕೇಳಿಸಿಕೊಳ್ಳುವುದಕ್ಕೆ ಅಲ್ಲಿ ನರಪಿಳ್ಳೆಯೂ ಇರಲಿಲ್ಲ. ಮೂರು ಕಬ್ಬಿಣದ ಬೀರು, ಒಂದು ಕುಂಟು ಸ್ಟೂಲು, ಸುತ್ತಿಗೊಮ್ಮೆ 'ಊಹ್ಞೂಂ' ಎನ್ನುವ ಫ್ಯಾನು, ಇಷ್ಟೇ. ಫ್ಯಾನು ತನ್ನ ವಾಡಿಕೆಯಂತೆ ಊಹ್ಞೂಂ ಎಂದಿತು.

ಕಾಲಮಯ್ಯ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಕಚೇರಿ ಇಟ್ಟದ್ದು. ಮೂವತ್ತು ವರ್ಷದ ಗುಮಾಸ್ತಿಕೆಯಲ್ಲಿ ಅವರು ಯಾವ ನಮೂನೆಯಲ್ಲೂ ಒಂದೇ ಒಂದು ಕಾಲಂ ಖಾಲಿ ಬಿಟ್ಟವರಲ್ಲ. 'ಅನ್ವಯಿಸುವುದಿಲ್ಲ' ಎಂದು ಬರೆಯುವುದು ಸೋಮಾರಿಗಳ ಲಕ್ಷಣವೆಂದು ಅವರ ನಂಬಿಕೆ. ಒಮ್ಮೆ ಕಚೇರಿಯ ಗೋಡೆ ಗಡಿಯಾರದ ರಿಪೇರಿಗೆ ಸರಿಯಾದ ಅರ್ಜಿ ಸಿಗದೆ ಯಾವುದೋ ಜನನ ನೋಂದಣಿಯ ಅರ್ಜಿ ಸಿಕ್ಕಿದಾಗ, 'ತಂದೆಯ ಹೆಸರು' ಎಂಬಲ್ಲಿ ಗಡಿಯಾರದ ಕಂಪನಿಯನ್ನೂ, 'ಗುರುತಿನ ಚಿಹ್ನೆ' ಎಂಬಲ್ಲಿ 'ನಿಮಿಷದ ಮುಳ್ಳು ತುಸು ಬಾಗಿದೆ' ಎಂದೂ ಬರೆದು ಕಳಿಸಿದ್ದರು. ಗಡಿಯಾರ ರಿಪೇರಿಯಾಗಿ ಬಂದಿತ್ತು. ಅವರ ಮೇಜಿನ ಹಿಂದಿನ ಗೋಡೆಯ ಮೇಲೆ ಅವರದೇ ಅಕ್ಷರದ ಒಂದು ಫಲಕ: 'ಖಾಲಿ ಕಾಲಂ ಇರುವ ಅರ್ಜಿ ಇಲ್ಲಿಂದ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ.'

ಅಂಥವರ ಮುಂದೆ ಈಗ ಒಂದು ಕಾಲಂ ಬಾಯಿ ತೆರೆದುಕೊಂಡು ಕೂತಿತ್ತು.

ಮೇಲಿನ ಕಚೇರಿಯಿಂದ ಸುತ್ತೋಲೆ ಬಂದಿತ್ತು. ಇನ್ನು ಮುಂದೆ ವಾರ್ಡುಗಳನ್ನು ಬರೀ ನಂಬರಿನಿಂದ ಕರೆಯಕೂಡದು, ಜನರ ಬಾಯಲ್ಲಿರುವ ಹೆಸರಿನಿಂದಲೇ ಕರೆಯಬೇಕು. ಆ ಹೆಸರುಗಳಲ್ಲಿ ಬಹುಪಾಲು ಜನರ ಭಕ್ತಿಯಿಂದ ಬಂದವಾದ್ದರಿಂದ, ಪ್ರತಿ ವಾರ್ಡಿನ ಎದುರಿಗೂ 'ಹೆಸರಿನ ಧಾರ್ಮಿಕ ಹಿನ್ನೆಲೆ'ಯನ್ನು ತುಂಬಿ ಕಳಿಸಬೇಕು. ಕಾಲಮಯ್ಯನವರು ಎರಡು ವಾರ ಊರೆಲ್ಲ ಸುತ್ತಿ ಇಪ್ಪತ್ತೆರಡು ವಾರ್ಡುಗಳನ್ನು ಮುಗಿಸಿದ್ದರು. ಗಂಟೆಗೋಪುರ ವಾರ್ಡಿಗೆ ಗಂಟೆ ಇತ್ತು, ಗೋಪುರವೂ ಇತ್ತು. ಸಂತರ ಸಮಾಧಿ ವಾರ್ಡಿನಲ್ಲಿ ಸಮಾಧಿಯ ಪಕ್ಕದ ಹೂವಿನಂಗಡಿಯವಳೇ ಸಂತರ ಜನ್ಮದಿಂದ ಹಿಡಿದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಿದ್ದಳು. ಯಾತ್ರಿಕರ ಕೊಳದ ವಾರ್ಡಿನಲ್ಲಿ ಕೊಳ ಬತ್ತಿ ಬಸ್ ನಿಲ್ದಾಣವಾಗಿದ್ದರೂ ಯಾತ್ರಿಕರು ಬರುತ್ತಲೇ ಇದ್ದರು. ಉಳಿದದ್ದು ಒಂಬತ್ತನೆಯದು, ಮುನಿ ವಾರ್ಡು. ಅದರಲ್ಲಿ ಗುಡಿಯಿಲ್ಲ, ಗದ್ದುಗೆಯಿಲ್ಲ, ಕಥೆ ಹೇಳುವ ಹೂವಿನಂಗಡಿಯೂ ಇಲ್ಲ.

ಇದರಲ್ಲಿ ದೊಡ್ಡ ಅವಮಾನವೇನೆಂದರೆ ಕಾಲಮಯ್ಯನವರು ಹುಟ್ಟಿ ಬೆಳೆದದ್ದು ಆ ವಾರ್ಡಿನಲ್ಲೇ. ಅಷ್ಟೇ ಆಗಿದ್ದರೂ ಸಹಿಸಿಕೊಳ್ಳಬಹುದಿತ್ತು. ಮುನಿ ಎಂಬ ಹೆಸರು ಇದ್ದದ್ದೇ ಅವರ ಸ್ವಂತ ಮನೆಯ ಗೋಡೆಯ ಮೇಲೆ.

ಬೀದಿ ಬಾಗಿಲಿನ ಪಕ್ಕ ಆಳೆತ್ತರದಲ್ಲಿ ಒಂದು ಹಳೆಯ ಫಲಕ ಬಡಿದಿದ್ದರು. ಬಿಳಿ ಬಣ್ಣದ ತಗಡು, ಮೇಲೆ ನೀಲಿ ಅಕ್ಷರ. ಮೊದಲಿಗೆ 'ಮುನಿ' ಎಂದು ಸ್ಪಷ್ಟವಾಗಿತ್ತು. ನಡುವೆ ಬಣ್ಣ ಸಿಡಿದು ತುಕ್ಕು ಹಿಡಿದಿತ್ತು. ಕೊನೆಗೆ 'ನಲ್ಲಿ' ಎಂದಿತ್ತು. ಬೀದಿಯವರೆಲ್ಲ ದಾರಿ ಹೇಳುವಾಗ "ಮುನಿ ಹತ್ರ ಎಡಕ್ಕೆ ತಿರುಗಿ" ಎಂದು ಹೇಳಿ ಹೇಳಿ, ವಾರ್ಡೇ ಮುನಿಯದಾಗಿಹೋಗಿತ್ತು.

ಆ ಫಲಕದ ಕೆಳಗೆ, ಬಾಗಿಲಿಗೆ ಅರ್ಧ ಅಡ್ಡವಾಗಿ, ಒಂದು ಅಗಲವಾದ ಕರಿಕಲ್ಲಿನ ಚಪ್ಪಡಿ. ಅದರ ಮೇಲೆ ಅಕ್ಕಪಕ್ಕ ಎರಡು ದುಂಡನೆಯ ಗುಳಿ. ಕಾಲಮಯ್ಯನವರ ಮನೆಯ ನಿಜವಾದ ಕಷ್ಟ ಈ ಕಲ್ಲು. ಅವರ ತಾಯಿಗೆ ಎಂಬತ್ತೆರಡು ವರ್ಷ. ಮೂರೂವರೆ ತಿಂಗಳ ಹಿಂದೆ ಬಿದ್ದು ಸೊಂಟದ ಮೂಳೆ ಮುರಿದು, ಈಗ ಗಾಲಿಕುರ್ಚಿ. ಬೀದಿಯ ತುದಿಯಲ್ಲಿ ಪಠಣ ಮಂದಿರವಿದೆ. ದಿನಾ ಬೆಳಿಗ್ಗೆ ಅಲ್ಲಿ ಪದ್ಯ ಓದುತ್ತಾರೆ. ನಲವತ್ತು ವರ್ಷ ಮೂರನೇ ಕಂಬಕ್ಕೆ ಒರಗಿ ಕೂತು ಕೇಳಿದ ಜೀವ ಅದು. ಈಗ ಗಾಳಿ ಈ ಕಡೆ ಬೀಸಿದ ದಿನ ಮಾತ್ರ ನಾಲ್ಕು ಸಾಲು ಕಿವಿಗೆ ಬೀಳುತ್ತದೆ. ಗಾಳಿ ಬೀಸದ ದಿನ ಅಮ್ಮ ಊಟವನ್ನು ಅರ್ಧಕ್ಕೇ ಬಿಡುತ್ತಾರೆ. ಕಲ್ಲು ತೆಗೆಸಿ ರಸ್ತೆಗೆ ಇಳಿಜಾರು ಕಟ್ಟಿಸಿದರೆ ಕುರ್ಚಿ ಹೊರಗೆ ಹೋಗುತ್ತದೆ. ಕಲ್ಲನ್ನು ಬಳಸಿ ಕಟ್ಟಿದರೆ ರಸ್ತೆಯ ಜಾಗ ಹಿಡಿದು ಒತ್ತುವರಿಯಾಗುತ್ತದೆ. ಕಾಲಮಯ್ಯನವರು ಹದಿನೇಳು ಕಾಲಂಗಳ ಅರ್ಜಿ ತುಂಬಿ, ಮೂರು ತಿಂಗಳು ಕಾದು, ಅನುಮತಿ ಪಡೆದಿದ್ದರು. ಸೋಮವಾರ ಗಾರೆ ಮೇಸ್ತ್ರಿ ಬರುವುದು ಗೊತ್ತಾಗಿತ್ತು.

ಮುನಿಯ ಕಾಲಂ ತುಂಬಲು ಗುರುವಾರವೇ ಕೊನೆ.

ಪಕ್ಕದ ಮನೆಯಲ್ಲಿ ವ್ಯಾಕರಣದ ಪಂಡಿತರೊಬ್ಬರಿದ್ದರು. ನಿವೃತ್ತರಾದ ಮೇಲೆ ತಿದ್ದಲು ಉತ್ತರ ಪತ್ರಿಕೆ ಸಿಗದೆ, ಅಂಗಡಿ ಬೋರ್ಡುಗಳನ್ನು ಸೀಮೆಸುಣ್ಣದಿಂದ ತಿದ್ದುತ್ತಾ ನಾಲ್ಕು ಬೀದಿಯಲ್ಲಿ ಬೈಸಿಕೊಂಡವರು. ಕಾಲಮಯ್ಯನವರು ಕೇಳಿದ್ದೇ ತಡ, ದಾರದುಂಡೆ ಹಿಡಿದು ಬಂದೇಬಿಟ್ಟರು. ಸ್ಟೂಲು ಹತ್ತಿ ತುಕ್ಕಿನ ಅಗಲವನ್ನು ಅಳೆದರು.

"ನಡುವೆ ಮೂರಕ್ಷರ ಹೋಗಿದೆ," ಎಂದರು. "ಎರಡಲ್ಲ, ನಾಲ್ಕಲ್ಲ. ಮೂರೇ."

"ಆಮೇಲೆ 'ನಲ್ಲಿ'. ಹಾಗಂದ್ರೆ?"

"ಸಪ್ತಮಿ ವಿಭಕ್ತಿ ಅಲ್ವೇನ್ರೀ! ಊರಿನಲ್ಲಿ, ಕಾಡಿನಲ್ಲಿ, ನೀರಿನಲ್ಲಿ. ಮುನಿ ಎಲ್ಲಿದಾನೆ? ಏನೋ ಒಂದರಲ್ಲಿ ಇದಾನೆ. ಯಾವುದರಲ್ಲಿ ಅನ್ನೋದೇ ಪ್ರಶ್ನೆ."

"ಕಾಡಿನಲ್ಲಿ?"

"ಅದು ಎರಡಕ್ಷರ ಆಯ್ತು. ದಾರ ಸುಳ್ಳು ಹೇಳಲ್ಲ." ಪಂಡಿತರು ಮೂಗನ್ನು ತಗಡಿಗೆ ತಾಗಿಸಿದರು. ಆಮೇಲೆ ಅವರ ಬೆನ್ನು ನೆಟ್ಟಗಾಯಿತು. "ಇಲ್ಲಿ ನೋಡಿ, ಇಲ್ಲಿ! ತುಕ್ಕಿನ ನಟ್ಟನಡುವೆ ಒಂದು ಗೆರೆ ಉಳಿದಿದೆ. ಇದು 'ಪ'. ನಿಸ್ಸಂದೇಹವಾಗಿ 'ಪ'. ಮೂರಕ್ಷರ, ನಡುವಿನದು 'ಪ', ಕೊನೆಗೆ 'ನಲ್ಲಿ'. ಹೇಳಿ ನೋಡೋಣ?"

ಕಾಲಮಯ್ಯನವರು ಶಾಲೆಯ ಹಿಂದಿನ ಬೆಂಚಿನವರಂತೆ ನೆಲ ನೋಡಿದರು.

"ತ, ಪ, ಸ್ಸಿ! ತಪಸ್ಸಿನಲ್ಲಿ! ಮುನಿ ತಪಸ್ಸಿನಲ್ಲಿ!" ಪಂಡಿತರು ಸ್ಟೂಲಿನ ಮೇಲಿಂದಲೇ ಕೈ ಮುಗಿದರು. "ಕೆಳಗೆ ಆ ಕಲ್ಲು ನೋಡಿದ್ರಾ? ಎರಡು ಗುಳಿ. ಏನದು? ಮಂಡಿ ರೀ, ಮಂಡಿ! ಎಷ್ಟು ವರ್ಷ ಮಂಡಿಯೂರಿ ಕೂತಿದ್ದರೆ ಕಲ್ಲು ಹೀಗೆ ಸವೆದೀತು!"

ಒಳಗಿನಿಂದ ಅಮ್ಮ ಕೇಳಿದರು: "ಯಾರೋ ಅದು, ಕಲ್ಲಿನ ಹತ್ರ?"

"ಕಚೇರಿ ಕೆಲಸ ಅಮ್ಮಾ, ನಿನಗೆ ತಿಳಿಯಲ್ಲ," ಎಂದರು ಕಾಲಮಯ್ಯನವರು. ಮೂವತ್ತು ವರ್ಷದಲ್ಲಿ ಅವರು ಮಾಡಿದ ಅತಿ ದೊಡ್ಡ ತಪ್ಪು ಇದೇ ಎಂದು ಆಗ ಅವರಿಗೆ ಹೇಳುವವರಿರಲಿಲ್ಲ.

ಸಂಜೆಯೊಳಗೆ ಕಾಲಂ ತುಂಬಿತು. 'ಸದರಿ ವಾರ್ಡಿನಲ್ಲಿ ಮುನಿ ತಪಸ್ಸಿನಲ್ಲಿ ಎಂಬ ಪ್ರಾಚೀನ ಫಲಕವಿದ್ದು, ಸದರಿ ಮುನಿಗಳು ಸದರಿ ಸ್ಥಳದಲ್ಲಿ ತಪಸ್ಸು ಮಾಡಿರುವುದು ಕಂಡುಬರುತ್ತದೆ. ಫಲಕದ ಕೆಳಗಿನ ಶಿಲೆಯಲ್ಲಿ ಸದರಿಯವರ ಮಂಡಿಗಳ ಗುರುತು ಇರುತ್ತದೆ.' ಬರೆದು ಸಹಿ ಹಾಕಿ, ಎರಡು ಸಲ ಓದಿಕೊಂಡು, ತಮ್ಮ ವಾಕ್ಯದ ಗಾಂಭೀರ್ಯಕ್ಕೆ ತಾವೇ ತಲೆದೂಗಿದರು. ಆ ಶಿಲೆಯನ್ನೇ ಸೋಮವಾರ ಒಡೆಸಬೇಕಾಗಿದೆ ಎಂಬುದು ಅವರ ತಲೆಗೆ ಹೊಳೆಯಲಿಲ್ಲ. ಅದು ಬೇರೆ ಅರ್ಜಿ, ಬೇರೆ ಕಡತ.

ಸೋಮವಾರ ಬೆಳಿಗ್ಗೆ ಮೇಸ್ತ್ರಿ ಹಾರೆ ಹಿಡಿದು ಬಂದ. ಮಾತು ಕಡಿಮೆ, ಬೀಡಿ ಜಾಸ್ತಿ. ಕಲ್ಲಿಗೆ ಎರಡು ಏಟು ಬಿದ್ದಿತ್ತಷ್ಟೇ, ಪುರಸಭೆಯ ಜೀಪು ಬಂದು ನಿಂತಿತು. ಮುಖ್ಯಾಧಿಕಾರಿ ಮೇಡಂ ಅದು ನಿಲ್ಲುವ ಮೊದಲೇ ಇಳಿದರು.

"ನಿಲ್ಸಿ! ಹಾರೆ ಕೆಳಗಿಡಿ!"

ಮೇಸ್ತ್ರಿ ಹಾರೆ ಕೆಳಗಿಟ್ಟ.

"ಕಾಲಮಯ್ಯನವರೇ, ಮುನಿಗಳ ಮಂಡಿ ಒಡೀತಾ ಇದೀರಾ?"

"ಮೇಡಂ, ಇದು ನಮ್ಮಮ್ಮನ ಇಳಿಜಾರು... ನೀವೇ ಅನುಮತಿ ಕೊಟ್ಟಿದ್ದು..."

"ಅನುಮತಿ ಕೊಟ್ಟಾಗ ಇದು ಕಲ್ಲು. ಈಗ ಇದು ಪರಂಪರೆ. ನೀವೇ ಬರೆದಿದ್ದೀರಿ. ನಿಮ್ಮ ಟಿಪ್ಪಣಿ ಓದಿ ಮೇಲಿನವರು ಎಷ್ಟು ಮೆಚ್ಚಿಕೊಂಡಿದಾರೆ ಗೊತ್ತಾ? ಎಲ್ಲಾ ಪುರಸಭೆಗಳಿಗೂ ಮಾದರಿ ಅಂತ ಕಳಿಸ್ತಾರಂತೆ. ಇನ್ನು ಈ ಕಲ್ಲಿನ ಸುತ್ತ ಆರಡಿ ಯಾರೂ ಒಂದು ಮೊಳೆ ಹೊಡೆಯೋ ಹಾಗಿಲ್ಲ."

"ಮೇಡಂ, ಆರಡಿ ಅಂದ್ರೆ ನಮ್ಮ ಬಾಗಿಲೂ ಸೇರ್ಕೊಳುತ್ತೆ."

"ಸೇರಿಕೊಳ್ಳಲಿ. ನಿಮ್ಮ ಭಾಗ್ಯ."

ಮೇಸ್ತ್ರಿ ಹಾರೆಯನ್ನು ಹೆಗಲಿಗೇರಿಸಿದ. "ಹಾಗಾದ್ರೆ ಹೋಗ್ಲಾ, ಇರ್ಲಾ?" ಎಂದು ಗಾಳಿಗೆ ಕೇಳಿ ಹೊರಟುಹೋದ.

ಎರಡು ದಿನ ಬಿಟ್ಟು ಅವನನ್ನೇ ಮತ್ತೆ ಕಳಿಸಿದರು, ಕಲ್ಲಿನ ಸುತ್ತ ಕಂಬಿ ಬೇಲಿ ಹಾಕಲು. ಬೇಲಿ ಸೊಂಟದೆತ್ತರ ಬಂತು. ಕಾಲಮಯ್ಯನವರ ಹೆಂಡತಿ ತರಕಾರಿ ಚೀಲ ಹಿಡಿದು ಹೊರಗಿನಿಂದ ಬಂದವರು, ತಮ್ಮದೇ ಬಾಗಿಲಿನ ಮುಂದೆ ತಮ್ಮನ್ನು ತಡೆದು ನಿಂತ ಬೇಲಿಯನ್ನು ನೋಡಿದರು. ಚೀಲವನ್ನು ಆಚೆ ಎಸೆದರು. ಸೆರಗು ಸಿಕ್ಕಿಸಿಕೊಂಡರು. ಬೇಲಿ ಹತ್ತಿ ಇಳಿದರು. ನೇರ ಗಂಡನ ಎದುರಿಗೆ ಬಂದು ನಿಂತರು.

"ಏನ್ರೀ, ಈ ಮುನಿಗೆ ತಪಸ್ಸು ಮಾಡೋಕೆ ಬೇರೆ ಮನೆ ಬಾಗಿಲು ಸಿಗಲಿಲ್ವಾ?"

"ಪ್ರಾಚೀನ ಕಾಲದಲ್ಲಿ ಇಲ್ಲಿ ಮನೆ ಇರಲಿಲ್ಲ ಕಣೇ..."

"ಪ್ರಾಚೀನ ಕಾಲದಲ್ಲಿ ನೀವೂ ಇರಲಿಲ್ಲ. ಆಗ ಎಲ್ಲರೂ ನೆಮ್ಮದಿಯಾಗಿದ್ರು."

ಬೀದಿಯವರಿಗೆ ಮಾತ್ರ ಮುನಿ ಸಿಕ್ಕಿದ್ದು ನಿಧಿ ಸಿಕ್ಕಷ್ಟು ಸಂತೋಷ. ಎದುರು ಮನೆಯವರು ಚಪ್ಪಲಿಯನ್ನು ಬೀದಿ ತಿರುವಿನಲ್ಲೇ ಬಿಟ್ಟು ಬರಿಗಾಲಲ್ಲಿ ಓಡಾಡತೊಡಗಿದರು, ಮೂರನೇ ದಿನ ಚಪ್ಪಲಿ ಕಾಣೆಯಾದ ಮೇಲೆ ಮತ್ತೆ ಹಾಕಿಕೊಂಡರು. ಕಾಲಮಯ್ಯನವರ ಭಾವಮೈದ ನಾಲ್ಕು ಬಸ್ಸು ಬದಲಿಸಿ ಬಂದು, ಆ ಮುನಿ ತಮ್ಮ ವಂಶದ ಮೂಲಪುರುಷನೇ ಎಂದು ಘೋಷಿಸಿದ. ಮುನಿಗೆ ವಂಶ ಎಲ್ಲಿಂದ ಬಂತು ಎಂದು ಪಂಡಿತರು ಕೇಳಿದ್ದಕ್ಕೆ, "ತಪಸ್ಸಿಗೆ ಮುಂಚೆ," ಎಂದು ಮುಖ ಊದಿಸಿಕೊಂಡ. ಮೇಡಂ ಕಡೆಯಿಂದ ಹೊಸ ಹಾಳೆ ಬಂತು: ಮುನಿಗಳ ಎತ್ತರ, ಬಣ್ಣ, ಗಡ್ಡದ ಉದ್ದ. ಮೂರು ಕಾಲಂ. ಕಾಲಮಯ್ಯನವರು ಮೂರನ್ನೂ ತುಂಬಿದರು. ಗಡ್ಡ, ಎದೆಯವರೆಗೆ.

ಎಲ್ಲದಕ್ಕಿಂತ ಕೆಟ್ಟದ್ದು ಇನ್ನೊಂದು. ತಪಸ್ಸಿನಲ್ಲಿ ಎಂದರೆ ತಪಸ್ಸು ಮುಗಿದಿದೆ ಎಂದು ಎಲ್ಲೂ ಹೇಳಿಲ್ಲವಲ್ಲ, ಇನ್ನೂ ನಡೆಯುತ್ತಲೇ ಇರಬೇಕು ಎಂದು ಪಂಡಿತರು ವ್ಯಾಕರಣ ತೆಗೆದರು. ವಾರ್ಡಿನ ಮೆಂಬರು ಕೂಡಲೇ 'ಇಲ್ಲಿ ಸದ್ದು ಮಾಡಬಾರದು' ಎಂದು ಬೋರ್ಡು ಹಾಕಿಸಿದರು. ಮಾರನೆಯ ಬೆಳಿಗ್ಗೆ ಅಮ್ಮ ಹೊಸ್ತಿಲ ಒಳಗೆ ಕುರ್ಚಿಯಲ್ಲಿ ಕೂತು, ನಾಲ್ಕು ಸಾಲು ಹಾಡಿಕೊಳ್ಳುತ್ತಿದ್ದಾಗ ಎದುರು ಮನೆಯವರು ಬೇಲಿಯ ಆಚೆಯಿಂದ ತುಟಿಗೆ ಬೆರಳಿಟ್ಟರು.

"ಶ್! ಅಜ್ಜೀ, ಮೆಲ್ಲಗೆ. ಮುನಿಗಳು ತಪಸ್ಸಿನಲ್ಲಿದಾರೆ."

ಅಮ್ಮ ಹಾಡುವುದನ್ನು ನಿಲ್ಲಿಸಿದರು. ಅಲ್ಲೇ ಬಾಗಿಲ ಹಿಂದೆ ಹಲ್ಲುಜ್ಜುತ್ತಿದ್ದ ಕಾಲಮಯ್ಯನವರು ಅದನ್ನು ಕೇಳಿದರು. ಅಮ್ಮನಿಗೆ ಪಠಣ ಮಂದಿರ ತಪ್ಪಿತ್ತು, ಬೀದಿ ತಪ್ಪಿತ್ತು. ಈಗ ಅವರದೇ ಬಾಯಿಯ ಪದವೂ ತಪ್ಪಿತು. ಕಾಲಮಯ್ಯನವರ ಬಾಯಿಂದ ನೊರೆ ಗಲ್ಲಕ್ಕಿಳಿದದ್ದು ಅವರಿಗೇ ತಿಳಿಯಲಿಲ್ಲ.

"ಯಾವ ಮುನಿಯೋ ಮಗಾ?" ಎಂದು ಅಮ್ಮ ಕೇಳಿದರು. ಸಿಟ್ಟಿಲ್ಲ, ಬರೀ ಕುತೂಹಲ.

"ನಮ್ಮ ಗೋಡೆ ಮೇಲೆ ಬರೆದಿದೆಯಲ್ಲಮ್ಮ. ಮುನಿ ತಪಸ್ಸಿನಲ್ಲಿ ಅಂತ."

"ಆ ತಗಡಾ?" ಅಮ್ಮನಿಗೆ ಬಾಯಿ ತುಂಬ ನಗು ಬಂತು. "ಅದು ಮುನಿಸಿಪಲ್ ನಲ್ಲಿ ಕಣೋ. ನಾನು ಮದುವೆಯಾಗಿ ಬಂದಾಗ ಇಲ್ಲೊಂದು ನಲ್ಲಿ ಇತ್ತು. ಬೀದಿಗೆಲ್ಲ ಅದೊಂದೇ. ನಿನಗೆ ಎರಡು ವರ್ಷ ಇದ್ದಾಗ ಮನೆಮನೆಗೂ ಪೈಪು ಬಂತು, ಆ ನಲ್ಲಿ ಕಿತ್ಕೊಂಡು ಹೋದ್ರು. ತಗಡು, ಕಲ್ಲು ಬಿಟ್ಟುಹೋದ್ರು."

"ಮತ್ತೆ ಆ ಮಂಡಿ ಗುರುತು?"

"ಯಾವ ಮಂಡಿ? ಬಿಂದಿಗೆ ಇಟ್ಟು ಇಟ್ಟು ಸವೆದಿದ್ದು. ಎಡಗಡೇದು ಜಾಸ್ತಿ ನಂದೇ."

ಕಾಲಮಯ್ಯನವರು ಬ್ರಷ್ಷು ಹಿಡಿದುಕೊಂಡೇ ಹೋಗಿ ಫಲಕದ ಮುಂದೆ ನಿಂತರು. ಸಿ, ಪ, ಲ್. ಮೂರಕ್ಷರ. ನಡುವೆ 'ಪ'. ಅಮ್ಮ ಅದನ್ನು 'ನಲ್ಲಿಕಲ್ಲು' ಎಂದೇ ಕರೆಯುತ್ತಿದ್ದದ್ದು, "ನಲ್ಲಿಕಲ್ಲಿನ ಮೇಲೆ ಕಾಲು ಜಾರೀತು ಮಗಾ" ಎಂದು ತಮ್ಮನ್ನು ಶಾಲೆಗೆ ಕಳಿಸುತ್ತಿದ್ದದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ನಲ್ಲಿಕಲ್ಲು ಇದ್ದ ಮೇಲೆ ನಲ್ಲಿ ಒಂದು ಇದ್ದಿರಬೇಕು ಎಂದು ಐವತ್ತೇಳು ವರ್ಷದಲ್ಲಿ ಒಂದು ಸಲವೂ ಹೊಳೆದಿರಲಿಲ್ಲ. ಈಗ ಎಲ್ಲರೂ ಪುರಸಭೆ ಪುರಸಭೆ ಎನ್ನುತ್ತಾರೆ, ಮುನಿಸಿಪಾಲಿಟಿ ಎನ್ನುವವರು ಯಾರಿದ್ದಾರೆ! ತಾವೇ ಎದೆಯವರೆಗೆ ಗಡ್ಡ ಬರೆದ ಆ ಮುನಿ ಬೇರೆ ಯಾರೂ ಅಲ್ಲ, ಮೂವತ್ತು ವರ್ಷದಿಂದ ತಮಗೆ ಅನ್ನ ಹಾಕುತ್ತಿದ್ದ ಕಚೇರಿ.

"ಮೊದಲೇ ಯಾಕಮ್ಮ ಹೇಳಲಿಲ್ಲ?"

"ಕಚೇರಿ ಕೆಲಸ, ನಿನಗೆ ತಿಳಿಯಲ್ಲ ಅಂದ್ಯಲ್ಲೋ."

ಅಂದೇ ಕಾಲಮಯ್ಯನವರು ತಿದ್ದುಪಡಿ ಬರೆದುಕೊಂಡು ಮೇಡಂ ಮುಂದೆ ನಿಂತರು. ಮೇಡಂ ಓದಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಓದಿದರು.

"ನಲ್ಲಿ?"

"ನಲ್ಲಿ, ಮೇಡಂ."

"ಅಂದ್ರೆ ನಾನು ಮೇಲಿನವರಿಗೆ ಫೋನು ಮಾಡಿ, ನೀವು ಮೆಚ್ಚಿಕೊಂಡ ಮುನಿ ನಮ್ಮದೇ ನಲ್ಲಿ, ನಮ್ಮ ಆಫೀಸಿನ ಹೆಸರನ್ನ ನಾವೇ ಓದೋಕಾಗದೆ ಅದಕ್ಕೆ ಬೇಲಿ ಹಾಕಿಸಿದ್ವಿ ಅಂತ ಹೇಳಬೇಕು?"

"ಹೂಂ, ಮೇಡಂ."

"ಗಡ್ಡ ಬರೆದೋರು ಯಾರು?"

ಕಾಲಮಯ್ಯನವರು ತಮ್ಮ ಗಲ್ಲ ಸವರಿಕೊಂಡರು.

"ಹೋಗಿ ಕೂತ್ಕೊಳ್ಳಿ."

ಕೂತರು. ಒಂದು ಗಂಟೆ ಫ್ಯಾನಿನ ಊಹ್ಞೂಂ ಕೇಳಿದರು. ಆಮೇಲೆ ಅವರಿಗೆ ಒಂದು ದಾರಿ ಹೊಳೆಯಿತು. ಕಾಲಂನಿಂದ ಬಂದ ಕಷ್ಟ ಕಾಲಂನಿಂದಲೇ ಹೋಗಬೇಕಲ್ಲವೇ! ಹೊಸ ಅರ್ಜಿ ತೆಗೆದು ಬರೆದರು: 'ಮುನಿಗಳ ದರ್ಶನಕ್ಕೆ ಬರುವ ವೃದ್ಧ ಭಕ್ತರಿಗೆ, ಶಿಲೆಗೆ ತಾಗದಂತೆ, ಬೇಲಿ ತೆಗೆದು, ಹೊಸ್ತಿಲಿನಿಂದ ರಸ್ತೆಗೆ ಇಳಿಜಾರು.' ಅಮ್ಮನ ಇಳಿಜಾರಿಗೆ ಮೂರು ತಿಂಗಳು ಹಿಡಿದಿತ್ತು. ಮುನಿಯ ಇಳಿಜಾರಿಗೆ ಮೂರು ಗಂಟೆಯೂ ಹಿಡಿಯಲಿಲ್ಲ.

ಸಹಿ ಹಾಕುತ್ತಾ ಮೇಡಂ ತಲೆಯೆತ್ತದೆ ಹೇಳಿದರು: "ನನಗೆ ಎಲ್ಲಾ ಅರ್ಥ ಆಗುತ್ತೆ ಕಾಲಮಯ್ಯನವರೇ. ಮುನಿ ಇರೋವರೆಗೂ ಇಳಿಜಾರು ಇರುತ್ತೆ. ಮುನಿ ಇಲ್ಲ ಅಂತ ಯಾರ ಬಾಯಲ್ಲಾದರೂ ಬಂತೋ, ಅದು ರಸ್ತೆ ಒತ್ತುವರಿ. ಅದೇ ದಿನ ಒಡೆಸ್ತೀನಿ."

ಮೇಸ್ತ್ರಿ ಮೂರನೇ ಸಲ ಬಂದ. ಬೇಲಿ ಕೀಳಬೇಕು, ಇಳಿಜಾರು ಕಟ್ಟಬೇಕು ಎಂದಾಗ ಹಾರೆಯನ್ನು ನೆಲಕ್ಕೆ ಊರಿ ಸ್ವಲ್ಪ ಹೊತ್ತು ಅದರ ಮೇಲೆ ಗಲ್ಲ ಇಟ್ಟುಕೊಂಡ.

"ಸಾರ್, ಒಡೀ ಅಂದ್ರಿ, ನಿಲ್ಸು ಅಂದ್ರಿ. ಬೇಲಿ ಹಾಕು ಅಂದ್ರಿ, ಈಗ ಕೀಳು ಅಂತೀರಿ. ನಿಮ್ಮ ಮುನಿ ಮುನಿಸ್ಕೊಳ್ಳಲ್ವಾ?"

"ನಿನ್ನ ಕೆಲಸ ನೀನು ಮಾಡಪ್ಪ."

"ಮಾಡ್ತೀನಿ. ಆದ್ರೆ ಇನ್ಮೇಲೆ ಬಾಯ್ಮಾತು ಬೇಡ. ಬರೆದು ಕೊಟ್ರೆ ಮಾತ್ರ ಕೈ ಹಚ್ಚೋದು. ಎಲ್ಲಾ ಕಾಲಂ ತುಂಬಿರ್ಬೇಕು, ನಿಮ್ಮ ಆಫೀಸ್ ಗೋಡೆ ಮೇಲೆ ಹಾಕಿದೀರಲ್ಲ, ಹಾಗೆ."

ಅವನು ಹಚ್ಚಿದ ಕೈ ಮಾತ್ರ ಒಳ್ಳೆಯದಿತ್ತು. ಇಳಿಜಾರು ಕಲ್ಲಿಗೆ ಕೂದಲೆಳೆಯಷ್ಟೂ ತಾಗದೆ ಎಡಕ್ಕೆ ಬಳುಕಿ ಬೀದಿಗಿಳಿಯಿತು. ಗಾಲಿ ಜಾರದಿರಲೆಂದು, ಯಾರೂ ಹೇಳದಿದ್ದರೂ, ಹಸಿ ಸಿಮೆಂಟಿನ ಮೇಲೆ ಕರಣೆಯಿಂದ ಸಣ್ಣ ಸಣ್ಣ ಗೆರೆ ಎಳೆದ. ವಾರದ ಹೊತ್ತಿಗೆ ಅದು ಕಲ್ಲಿನಂತಾಯಿತು. ಆದರೆ ಮುನಿಯ ಹೆಸರಿನ ಹೊಸ ವಾರ್ಡು ಫಲಕದ ಅನಾವರಣ ಆಗುವವರೆಗೆ ಯಾರೂ ಅದನ್ನು ತುಳಿಯಬಾರದೆಂದು ಮೇಡಂ ಹಗ್ಗ ಕಟ್ಟಿಸಿದರು.

ಅನಾವರಣದ ದಿನ ಬೆಳಿಗ್ಗೆ, ತಪಸ್ಸು ಕೆಡಬಾರದೆಂದು ಹದಿನೈದು ದಿನದಿಂದ ಕೆಮ್ಮಲೂ ಬಿಡದಿದ್ದ ಮೆಂಬರು ನಾಲ್ಕು ಧ್ವನಿವರ್ಧಕ ತರಿಸಿ ನಾಲ್ಕನ್ನೂ ಮುನಿಯ ಕಡೆಗೇ ತಿರುಗಿಸಿ ಕಟ್ಟಿಸಿದರು. ಬೀದಿ ತುಂಬ ಕುರ್ಚಿ. ಮೇಡಂ, ಮೇಲಿನ ಕಚೇರಿಯವರು, ಪಂಡಿತರು ಮುಂದಿನ ಸಾಲಿನಲ್ಲಿ. ಭಾವಮೈದ ವಂಶಸ್ಥರ ಕುರ್ಚಿ ಯಾವುದು ಎಂದು ವಿಚಾರಿಸುತ್ತಿದ್ದ. ಏನಾದರೂ ಬಿರುಕು ಬಿಟ್ಟರೆ ಇರಲಿ ಎಂದು ಮೇಸ್ತ್ರಿಯನ್ನೂ ಕರೆಸಿದ್ದರು. ಅವನು ಇಳಿಜಾರಿನ ಪಕ್ಕ ಕುಕ್ಕುರುಗಾಲಲ್ಲಿ ಕೂತಿದ್ದ.

ಕಾರ್ಯಕ್ರಮದಲ್ಲಿ 'ವಾರ್ಡಿನ ಹಿರಿಯರಿಂದ ಎರಡು ಮಾತು' ಎಂದು ಅಚ್ಚಾಗಿತ್ತು. ಹಿರಿಯರು ಅಮ್ಮನೇ.

ಕಾಲಮಯ್ಯನವರು ಒಳಗೆ ಅಮ್ಮನ ಮುಂದೆ ಕೂತರು. "ಅಮ್ಮಾ, ಇವತ್ತೊಂದು ದಿನ ನಲ್ಲಿ ವಿಷಯ ಎತ್ತಬೇಡಮ್ಮ. ನೀನು ಸುಳ್ಳೇನೂ ಹೇಳೋದು ಬೇಡ. ಎಲ್ಲರಿಗೂ ಒಳ್ಳೆಯದಾಗಲಿ ಅಂದುಬಿಡು, ಸಾಕು. ಇಲ್ಲಾಂದ್ರೆ ಇಳಿಜಾರು ಹೋಗುತ್ತೆ."

ಅಮ್ಮ ಸೆರಗು ಸರಿಮಾಡಿಕೊಂಡರು. "ಪಠಣ ಎಷ್ಟು ಹೊತ್ತಿಗೋ ಈಗ?"

"ಇನ್ನು ಅರ್ಧ ಗಂಟೆ. ಅಮ್ಮಾ, ಹೇಳಿದ್ದು ಕೇಳಿಸ್ತಾ?"

"ಕೇಳಿಸ್ತು. ಬೇಗ ಹೊರಡಿಸು."

ಹಗ್ಗ ಬಿಚ್ಚಿದರು. ಹ್ಯಾಂಡಲನ್ನು ಸೊಸೆ ಹಿಡಿದರು. ನಾಲ್ಕು ತಿಂಗಳ ಮೇಲೆ ಮೊದಲ ಸಲ ಅಮ್ಮನ ಕುರ್ಚಿ ಹೊಸ್ತಿಲು ದಾಟಿ, ಬಳುಕಿ, ಗರಗರ ಎನ್ನುತ್ತಾ ಬೀದಿಗಿಳಿಯಿತು. ಅಮ್ಮ ಎರಡೂ ಕಡೆ ನೋಡಿದರು, ಊರಿಗೆ ಹೊಸದಾಗಿ ಬಂದ ಮದುವಣಗಿತ್ತಿಯಂತೆ. ಮೆಂಬರು ಓಡಿ ಬಂದು ಮೈಕು ಹಿಡಿದರು.

"ಹೇಳಿ ಅಜ್ಜೀ. ಈ ಜಾಗದ ಮಹಿಮೆ ಏನು? ಇಲ್ಲಿ ಏನಿತ್ತು?"

ಅಮ್ಮ ಗೋಡೆಯ ಹಳೆಯ ಫಲಕದ ಕಡೆ ನೋಡಿ ಕೈ ಮುಗಿದರು. "ಇಲ್ಲಿ ಮುನಿ..." ಎಂದರು. ಉಸಿರು ಸಾಲದೆ ನಿಲ್ಲಿಸಿದರು.

ನಾಲ್ಕು ಧ್ವನಿವರ್ಧಕದಲ್ಲೂ ಮುನಿ ಮೊಳಗಿದ. ಚಪ್ಪಾಳೆಯೋ ಚಪ್ಪಾಳೆ. ಮೇಲಿನ ಕಚೇರಿಯವರು ಎದ್ದು ನಿಂತರು. ಮೇಡಂ ಕಾಲಮಯ್ಯನವರ ಕಡೆ ನೋಡಿ ಮೊದಲ ಸಲ ಮುಗುಳ್ನಕ್ಕರು. ಪಂಡಿತರು ಕಣ್ಣೊರೆಸಿಕೊಂಡರು. ಅಮ್ಮ ಚಪ್ಪಾಳೆ ಪೂರ್ತಿ ನಿಲ್ಲುವವರೆಗೂ ತಾಳ್ಮೆಯಿಂದ ಕಾದರು.

"...ಸಿಪಲ್ ನಲ್ಲಿ ಇತ್ತು," ಎಂದರು.

ಮೆಂಬರು ಮೈಕನ್ನು ಹಿಂದಕ್ಕೆಳೆದುಕೊಳ್ಳುವುದನ್ನೂ ಮರೆತರು.

"ಬೆಳಿಗ್ಗೆ ಐದಕ್ಕೆ ನೀರು ಬರ್ತಿತ್ತು. ಈ ಬೀದಿ ಹೆಂಗಸರೆಲ್ಲ ಸಾಲು ನಿಲ್ತಿದ್ವಿ. ಒಂದು ಬಿಂದಿಗೆ ತುಂಬೋವರೆಗೂ ಒಂದು ಪದ. ಒಬ್ಬಳು ಒಂದು ಸಾಲು ಹೇಳಿದ್ರೆ ಪಕ್ಕದವಳು ಮುಂದಿನ ಸಾಲು. ಅವಳ ದೇವರು ಬೇರೆ, ನನ್ನ ದೇವರು ಬೇರೆ, ನೀರು ಒಂದೇ. ನನಗೆ ಬರೋ ಪದ ಎಲ್ಲ ಬಂದಿದ್ದು ಈ ಕಲ್ಲಿನ ಮೇಲೆ. ನೀವು ಬೇಲಿ ಹಾಕಿ ಕೈ ಮುಗಿದಿದ್ದೇನೂ ತಪ್ಪಿಲ್ಲಪ್ಪ. ಹೆಸರು ಮಾತ್ರ ಪೂರ್ತಿ ಓದಿ." ಆಮೇಲೆ ಸೊಸೆಯ ಕಡೆ ತಿರುಗಿದರು. "ನಡಿಯಮ್ಮ, ಶುರುವಾಗಿಬಿಡುತ್ತೆ."

ಸೊಸೆ ಯಾರ ಮುಖವನ್ನೂ ನೋಡದೆ ಕುರ್ಚಿ ತಳ್ಳಿಕೊಂಡು, ಎರಡು ಸಾಲು ಕುರ್ಚಿಗಳ ನಡುವೆ, ಪಠಣ ಮಂದಿರದ ಕಡೆಗೆ ಹೊರಟೇಬಿಟ್ಟರು. ಪಂಡಿತರು ಬೆರಳು ಮಡಿಚುತ್ತಾ ಗೊಣಗುತ್ತಿದ್ದರು: "ಸಿ, ಪ, ಲ್. ದಾರ ಸರಿಯಾಗೇ ಇತ್ತು. ದಾರದ ತಪ್ಪಲ್ಲ." ಭಾವಮೈದ, ತನ್ನ ವಂಶಕ್ಕೂ ನಲ್ಲಿಗೂ ಸಂಬಂಧವಿಲ್ಲವೆಂದು ಕೇಳದವರಿಗೂ ಹೇಳತೊಡಗಿದ. ಮೇಲಿನ ಕಚೇರಿಯವರಿಗೆ ಇದ್ದಕ್ಕಿದ್ದಂತೆ ಇನ್ನೊಂದು ಕಾರ್ಯಕ್ರಮ ನೆನಪಾಯಿತು.

ಮೇಡಂ ಕೆಂಪಗಾಗಿ ಬಂದು ಮೇಸ್ತ್ರಿಯ ಎದುರು ನಿಂತರು. "ಒಡೀ ಇದನ್ನ. ಈಗಲೇ."

ಮೇಸ್ತ್ರಿ ಏಳಲಿಲ್ಲ. "ಬರೆದು ಕೊಡಿ ಮೇಡಂ. ಎಲ್ಲಾ ಕಾಲಂ ತುಂಬಿರ್ಬೇಕು."

"ಕಾಲಮಯ್ಯನವರೇ!" ಮೇಡಂ ತಮ್ಮ ಚೀಲದಿಂದಲೇ ತೆರವಿನ ಆದೇಶದ ಹಾಳೆ ತೆಗೆದು ಅವರ ಕೈಗೆ ತುರುಕಿದರು. "ತುಂಬಿ. ನಾನು ಸಹಿ ಹಾಕ್ತೀನಿ."

ಕಾಲಮಯ್ಯನವರು ಜೇಬಿನಿಂದ ಪೆನ್ನು ತೆಗೆದರು. ಮೂವತ್ತು ವರ್ಷದ ಅಭ್ಯಾಸ, ಕೈ ತಾನಾಗಿಯೇ ಓಡಿತು. ಸ್ಥಳ: ಒಂಬತ್ತನೇ ವಾರ್ಡು. ರಚನೆ: ಇಳಿಜಾರು. ಉದ್ದ, ಒಂಬತ್ತಡಿ. ಅಗಲ, ಮೂರೂವರೆ. ವಯಸ್ಸು, ಏಳು ದಿನ. ಇನ್ನು ಒಂದೇ ಉಳಿದಿತ್ತು: 'ಒಡೆಯಲು ಕಾರಣ'.

ಅವರು ತಲೆಯೆತ್ತಿದರು. ಬೀದಿಯ ತುದಿಯಲ್ಲಿ ಕುರ್ಚಿ ಮಂದಿರದ ಬಾಗಿಲು ಸೇರಿತ್ತು. ಗಾಳಿ ಆ ಕಡೆಗೆ ಬೀಸುತ್ತಿದ್ದರಿಂದ ಪಠಣ ಈ ಕಡೆಗೆ ಕೇಳಿಸಲಿಲ್ಲ. ಅಮ್ಮನಿಗೆ ಕೇಳಿಸುತ್ತಿರಬೇಕು. ಮುಗಿದ ಮೇಲೆ ಅವರು ಮನೆಗೆ ಬರಬೇಕು. ಹತ್ತಿ ಬರಬೇಕಾದದ್ದು ಇದೇ ಒಂಬತ್ತಡಿ.

ಕಾಲಮಯ್ಯನವರು ಪೆನ್ನಿನ ಮುಚ್ಚಳ ಹಾಕಿದರು.

"ಏನ್ರೀ ನಿಂತಿದೀರಿ?" ಮೇಡಂ ಸಿಡುಕಿದರು. "ಒಂದೇ ಕಾಲಂ. ತುಂಬಿ!"

"ತುಂಬಲ್ಲ," ಎಂದರು ಕಾಲಮಯ್ಯನವರು.